ಸಾಲಿನ ಕೊನೆ

ನಾಲ್ಕನೆಯ ಸಲವೂ ಪಾಸ್‌ವರ್ಡ್ ಒತ್ತಿದಳು. ಪರದೆ ಒಂದು ಕ್ಷಣ ಕಪ್ಪಾಯಿತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿರುವಾಗಲೇ ಮತ್ತೆ ಅದೇ ನೀಲಿ ಪುಟ, ಅದೇ ಖಾಲಿ ಚೌಕ, ಅದರೊಳಗೆ ಮಿಟುಕುವ ಅದೇ ಗೆರೆ. ಬಾಗಿಲು ತೆಗೆದವರು ಮುಖ ನೋಡಿ, ಮಾತಿಲ್ಲದೆ ಮತ್ತೆ ಮುಚ್ಚಿಕೊಂಡ ಹಾಗೆ.

ಐದನೆಯ ಸಲ ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿದಳು. ತಪ್ಪು ಎಂದು ಕೆಂಪಕ್ಷರದಲ್ಲಿ ಬಂತು. ಅಂದರೆ ಸರಿ ಯಾವುದು, ತಪ್ಪು ಯಾವುದು ಎಂದು ಯಂತ್ರಕ್ಕೆ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೂ ಒಳಗೆ ಬಿಡುತ್ತಿಲ್ಲ. ಇದು ತಾನಾಗಿ ಆದದ್ದಲ್ಲ, ಯಾರೋ ಕೈಯಾಡಿಸಿದ್ದಾರೆ ಎಂದು ಅವಳಿಗೆ ಆಗಲೇ ಅನ್ನಿಸಿತು. ಆ ಯಾರೋ ಯಾರು ಎಂದು ಹೆಚ್ಚು ಯೋಚಿಸಬೇಕಾಗಿಯೂ ಇರಲಿಲ್ಲ.

ಅದು ಕಣ್ಣು ಕಾಣದವರಿಗೆ ಪುಸ್ತಕ ಮಾಡಿಕೊಡುವ ಸಣ್ಣ ಮುದ್ರಣಾಲಯ. ಸಾಮಾನ್ಯ ಪುಸ್ತಕವನ್ನು ನೋಡಿಕೊಂಡು ಅವಳು ಟೈಪು ಮಾಡುತ್ತಾಳೆ. ಕಂಪ್ಯೂಟರು ಅದನ್ನು ಬ್ರೈಲ್ ಚುಕ್ಕಿಗಳಿಗೆ ಬದಲಿಸುತ್ತದೆ. ಪಕ್ಕದ ಕೋಣೆಯ ಯಂತ್ರ ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತ ದಪ್ಪ ಕಾಗದದ ಮೇಲೆ ಆ ಚುಕ್ಕಿಗಳನ್ನು ಉಬ್ಬಿಸುತ್ತದೆ. ಹದಿನಾರು ವರ್ಷದಿಂದ ಇದೇ ಕೆಲಸ. ಎಲ್ಲರೂ ಅವಳನ್ನು ಟೈಪ್ ಮೇಡಂ ಎನ್ನುತ್ತಿದ್ದರು. ಉಬ್ಬಿದ ಹಾಳೆಗಳ ಮೇಲೆ ಬೆರಳಾಡಿಸಿ ತಪ್ಪು ಹುಡುಕುವವರು ಮಾಸ್ತರು. ಹಿಂದೆ ಎಲ್ಲೋ ಪಾಠ ಹೇಳುತ್ತಿದ್ದರಂತೆ, ಹೆಸರು ಹಾಗೇ ಉಳಿದಿದೆ. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಹಾಳೆಗಳನ್ನು ಹೊಲಿದು ರಟ್ಟು ಹಾಕುವವಳು ದಾರದಕ್ಕ. ಮೇಲೊಬ್ಬ ಮ್ಯಾನೇಜರು. ಅಷ್ಟೇ ಜನ.

ಅಷ್ಟು ಜನರಲ್ಲಿ ಎರಡು ತಿಂಗಳಿನಿಂದ ಏನೋ ನಡೆಯುತ್ತಿದೆ ಎಂಬುದು ಅವಳ ಗುಮಾನಿ. ಅವಳು ಕೋಣೆಗೆ ಬಂದರೆ ಮಾಸ್ತರ ಮತ್ತು ದಾರದಕ್ಕನ ಮಾತು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಬಾಗಿಲ ಬಲಗಡೆ ಇರಬಾರದ ಜಾಗದಲ್ಲಿ ಸ್ಟೂಲು ಬಂದು ಕೂತಿರುತ್ತಿತ್ತು. ಎಡವಿ ಎಡವಿ ಅವಳ ಬಲ ಮೊಣಕಾಲಿನ ಕೆಳಗೆ ನೀಲಿಗಟ್ಟಿತ್ತು. ಮೇಜಿನ ಮೇಲೆ ಇಟ್ಟ ಲೋಟವನ್ನು ಯಾರೋ ಅಂಚಿಗೆ ಸರಿಸಿಟ್ಟು, ಅದು ಎರಡು ಸಲ ಬಿದ್ದು ಒಡೆದುಹೋಗಿತ್ತು. ಮನೆಯಲ್ಲಿ ಹೇಳಿದರೆ ಗಂಡ, "ನಿನ್ನ ಲೋಟ ಸರಿಸಿ ಅವರಿಗೆ ಏನು ಸಿಗುತ್ತೆ?" ಎಂದು ನಕ್ಕಿದ್ದ. ಅವನ ನಗುವಿನ ಮೇಲೂ ಅವಳಿಗೆ ಅನುಮಾನ ಬಂದಿತ್ತು.

"ಯಾಕೆ ಮೇಡಂ, ಶುರುವಾಗ್ಲಿಲ್ವಾ?" ಕೋಣೆಯ ಆ ಮೂಲೆಯಿಂದ ಮಾಸ್ತರು ಕೇಳಿದರು. ಅವರ ಬೆರಳು ಹಾಳೆಯ ಮೇಲಿತ್ತು, ಆದರೆ ಓಡುತ್ತಿರಲಿಲ್ಲ.

"ಶುರುವಾಗಿದೆ. ಒಳಗೆ ಬಿಡ್ತಿಲ್ಲ."

"ಹೌದಾ." ಮಾಸ್ತರು ಕೆಮ್ಮಿದರು. "ಒಂದ್ ಕೆಲಸ ಮಾಡಿ. ಹೋಗಿ ಆರಾಮಾಗಿ ಟೀ ಕುಡ್ಕೊಂಡು ಬನ್ನಿ. ಅಷ್ಟರಲ್ಲಿ ಸರಿಹೋಗಿರುತ್ತೆ."

"ತಾನಾಗೇ?"

"ಕೆಲವು ಸಲ ಹಾಗೆ ಆಗುತ್ತಪ್ಪ."

ರಟ್ಟಿಗೆ ಅಂಟು ಬಳಿಯುತ್ತಿದ್ದ ದಾರದಕ್ಕನೂ ತಲೆ ಎತ್ತಿದಳು. "ಹೋಗ್ಬನ್ನಿ ಮೇಡಂ, ನಾನೂ ಇನ್ನೂ ಕುಡಿದಿಲ್ಲ. ಹೊರಗಡೆ ಬಿಸಿ ಬಿಸಿ ಸಿಗುತ್ತೆ."

ಹದಿನಾರು ವರ್ಷದಲ್ಲಿ ಒಂದು ದಿನವೂ ಇವರಿಬ್ಬರೂ ಅವಳನ್ನು ಟೀಗೆ ಕಳಿಸಿದವರಲ್ಲ. ಅವಳು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು ಕೂತಳು. "ನಂಗೆ ಬೇಡ," ಎಂದಳು. "ನೀವು ಹೋಗ್ಬನ್ನಿ." ಇಬ್ಬರೂ ಹೋಗಲಿಲ್ಲ.

ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ಅವಳ ಮೈದುನ. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ವೈರಸ್ಸಿನ ಕಾಟ ಇರುವುದಿಲ್ಲ, ಬ್ರೈಲ್‌ಗೂ ಒಗ್ಗುತ್ತದೆ ಎಂದು ಅವನೇ ಮುಂದೆ ಬಿದ್ದು ಮಾಡಿಕೊಟ್ಟಿದ್ದ. ಫೋನು ಮಾಡಿದಳು. ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ, ದನಿ ತಗ್ಗಿಸಿ ವಿಷಯ ಹೇಳಿದಳು.

"ಯಾಕೆ ಅತ್ತಿಗೆ ಪಿಸುಗುಡ್ತಾ ಇದ್ದೀರಾ? ಕಂಪ್ಯೂಟರ್ ಮಲಗಿದೆಯಾ?" ಎಂದ ಮೈದುನ.

"ಹೇಳಿದ್ದಕ್ಕೆ ಉತ್ತರ ಕೊಡೋ."

"ಸರಿ, ಗಾಬರಿ ಬೇಡ. ಚಿತ್ರ, ಬಟನ್ನು, ಕಿಟಕಿ ಇರೋ ಆ ಡೆಸ್ಕ್‌ಟಾಪ್ ಮಾತ್ರ ಏಳ್ತಿಲ್ಲ. ಅದರ ಹಿಂದೆ ಬರೀ ಅಕ್ಷರದ ಪರದೆ ಒಂದಿದೆ, ಅದಕ್ಕೆ ಏನೂ ಆಗಿರಲ್ಲ. ಅಲ್ಲಿಂದ ಒಳಗೆ ಹೋಗೋಣ. ಕಂಟ್ರೋಲ್, ಆಲ್ಟ್, ಎಫ್ ಮೂರು, ಮೂರೂ ಒಟ್ಟಿಗೆ ಒತ್ತಿ."

ಮೂರನ್ನೂ ಒಟ್ಟಿಗೆ ಒತ್ತಲು ಎರಡೂ ಕೈ ಬೇಕಿತ್ತು. ಬೇರೆ ದಾರಿಯಿಲ್ಲದೆ ಮೊಬೈಲನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಇನ್ನು ಕೋಣೆಗೆಲ್ಲ ಕೇಳುತ್ತದೆ. ಕೇಳಲಿ, ಕಳ್ಳನಿಗೆ ಭಯವಾಗಲಿ ಎಂದುಕೊಂಡಳು.

ನೀಲಿ ಪುಟ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಅದೇ ಕ್ಷಣದಲ್ಲಿ ಕೀಬೋರ್ಡಿನ ಮುಂದೆ ಇದ್ದ ಬ್ರೈಲ್ ಪಟ್ಟಿ ಟರ್ರೆಂದು ಎದ್ದು ಕೂತಿತು. ಪರದೆಯ ಮೇಲಿನ ಅಕ್ಷರವನ್ನು ಸಣ್ಣ ಸಣ್ಣ ಮೊಳೆಗಳಾಗಿ ಬೆರಳಿಗೆ ಉಬ್ಬಿಸಿ ತೋರಿಸುವ ಪಟ್ಟಿ ಅದು. ಅವಳು ಕೆಲಸ ಮಾಡುವಾಗ ಅದು ಯಾವತ್ತೂ ಸತ್ತ ಹಾಗೆ ಬಿದ್ದಿರುತ್ತಿತ್ತು. ಧೂಳು ಹಿಡಿದಿರಬೇಕು ಎಂದು ಈಗ ನೋಡಿದರೆ ಮೊಳೆಗಳ ಸಾಲು ಪಳಪಳ ಹೊಳೆಯುತ್ತಿತ್ತು. ದಿನಾ ಯಾರೋ ಬೆರಳಾಡಿಸಿದ ಹೊಳಪು.

ಅವಳು ಹೊರಳಿ ಮಾಸ್ತರನ್ನು ನೋಡಿದಳು. ಅವರು ಆ ಸದ್ದಿನ ಕಡೆಗೇ ತಲೆ ತಿರುಗಿಸಿ ಕೂತಿದ್ದರು.

ಅಕ್ಷರದ ಪರದೆ ಪಾಸ್‌ವರ್ಡ್ ಕೇಳಿತು, ಕೊಟ್ಟಳು, ಮರುಮಾತಿಲ್ಲದೆ ಒಳಗೆ ಬಿಟ್ಟಿತು. "ಈ ಕಂಪ್ಯೂಟರನ್ನ ಕೊನೆಗೆ ಬಳಸಿದ್ದು ಯಾರು ಅಂತ ಗೊತ್ತಾಗುತ್ತಾ?" ಎಂದು ಗಟ್ಟಿಯಾಗಿಯೇ ಕೇಳಿದಳು.

"ಅದ್ಯಾಕೆ ಈಗ? ಮೊದಲು ರೋಗ ಏನು ಅಂತ—"

"ಗೊತ್ತಾಗುತ್ತಾ ಇಲ್ವಾ?"

"ಗೊತ್ತಾಗುತ್ತೆ. ಎಲ್, ಎ, ಎಸ್, ಟಿ ಹೊಡೆದು ಎಂಟರ್ ಒತ್ತಿ."

ಹಳೇ ಚೌಕ ಪರದೆ, ದಪ್ಪ ಅಕ್ಷರ. ಸಾಲುಗಳು ಈ ಅಂಚಿನಿಂದ ಆ ಅಂಚಿನವರೆಗೆ ತುಂಬಿ ಬಂದವು. ಕಂಪ್ಯೂಟರಿಗೆ ಎರಡು ಹೆಸರಿನಲ್ಲಿ ಹೋಗಬಹುದಿತ್ತು: ಅವಳದು 'ಟೈಪಿಂಗ್', ಮಾಸ್ತರದು 'ಪ್ರೂಫ್'. ಮಾಸ್ತರು ಆ ಹೆಸರನ್ನು ಬಳಸುವುದು ಬಿಟ್ಟು ವರ್ಷಗಳೇ ಆಗಿವೆ ಎಂದು ಅವಳು ತಿಳಿದಿದ್ದಳು. ಈಗ ಎಡಗಡೆಯ ಸಾಲುದ್ದಕ್ಕೂ ಟೈಪಿಂಗ್, ಪ್ರೂಫ್, ಟೈಪಿಂಗ್, ಪ್ರೂಫ್. ಒಂದು ದಿನ ಬಿಡದೆ.

"ಸಿಕ್ಕಿತು," ಎಂದಳು. ಹೇಳಿದ್ದೆನಲ್ಲ ಎಂದು ಗಂಡನ ಮುಖಕ್ಕೆ ಹೇಳಬೇಕು ಅನ್ನಿಸಿತು.

"ಎಷ್ಟು ಹೊತ್ತಿಗೆ ಅಂತ ಇದೆ?"

"ಅದಿಲ್ಲ."

"ಇರುತ್ತೆ ಅತ್ತಿಗೆ. ಸಾಲಿನ ಕೊನೇಲಿ ನೋಡಿ. ಎಷ್ಟು ಗಂಟೆಗೆ ಬಂದ, ಎಷ್ಟು ಗಂಟೆಗೆ ಹೋದ, ಎಲ್ಲಾ ಇರುತ್ತೆ."

"ಇಲ್ಲ ಅಂದೆನಲ್ಲ. ವಾರ ಇದೆ, ತಾರೀಕು ಇದೆ, ಅಷ್ಟೇ."

"ವಿಚಿತ್ರ," ಎಂದ ಮೈದುನ. "ಹೋಗ್ಲಿ ಬಿಡಿ. ಡಿಸ್ಕಲ್ಲಿ ಜಾಗ ಇದೆಯಾ ನೋಡೋಣ. ಜಾಗ ತುಂಬಿದ್ರೂ ಹೀಗೇ ಆಗುತ್ತೆ. ಪಾಸ್‌ವರ್ಡ್ ಒಪ್ಪುತ್ತೆ, ಒಳಗೆ ಹೋಗಿ ಒಂದು ಚೀಟಿ ಬರ್ಕೊಳ್ಳೋಕೆ ಜಾಗ ಇರಲ್ಲ, ವಾಪಸ್ ಬಂದುಬಿಡುತ್ತೆ. ಡಿ, ಎಫ್, ಜಾಗ ಬಿಟ್ಟು ಒಂದು ಅಡ್ಡಗೆರೆ, ಎಚ್."

ಮತ್ತೆ ಸಾಲುಗಳು. 'ಹೋಮ್' ಎಂದು ಮುಗಿಯುವ ಸಾಲು ಯಾವುದು, ಅದರಲ್ಲಿ ಶೇಕಡಾ ಎಷ್ಟು ಎಂದು ಅವನು ಕೇಳಿದ. ಅವಳು ಮೊದಲಿನಿಂದ ಓದತೊಡಗಿದಳು. ಡಿಸ್ಕಿನ ಹೆಸರು ಓದಿದಳು, ಗಾತ್ರ ಓದಿದಳು, ನಿಲ್ಲಿಸಿದಳು.

"ಆಮೇಲೆ?"

"ಅಷ್ಟೇ ಇರೋದು."

"ಅತ್ತಿಗೆ, ಇನ್ನೂ ನಾಲ್ಕು ಕಾಲಂ ಇರುತ್ತೆ. ಪೂರ್ತಿ ಓದಿ."

"ನನಗೇನು ಓದೋಕೆ ಬರಲ್ವೇನೋ? ಇಲ್ಲ ಅಂದ್ರೆ ಇಲ್ಲ!"

ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮಾಸ್ತರು ಎದ್ದಿದ್ದರು. ಆರು ಹೆಜ್ಜೆ, ಎಡಕ್ಕೆ ತಿರುಗಿ ಎರಡು ಹೆಜ್ಜೆ. ಎಲ್ಲೂ ತಡವದೆ ನೇರ ಬಂದು ಅವಳ ಪಕ್ಕ ನಿಂತು, ಬಾಗಿ, ಬ್ರೈಲ್ ಪಟ್ಟಿಯ ಮೇಲೆ ಎರಡೂ ಕೈ ಇಟ್ಟರು. ಪಟ್ಟಿಯ ತುದಿಯ ಗುಂಡಿ ಒತ್ತುತ್ತ ಒಂದೊಂದೇ ಸಾಲು ಮೇಲೆ ಹೋದರು, ಮತ್ತೆ ಬಲಕ್ಕೆ ಹೋದರು.

"ನೂರು ಪರ್ಸೆಂಟ್," ಎಂದರು ಫೋನಿಗೆ ಕೇಳುವಂತೆ. "ಉಳಿದ ಜಾಗ ಸೊನ್ನೆ."

ಕೋಣೆಯಲ್ಲಿ ಅಂಟಿನ ಕುಂಚದ ಸದ್ದೂ ನಿಂತಿತ್ತು. ಪರದೆಯ ಮೇಲೆ ಇಲ್ಲದ್ದನ್ನು ಈ ಮನುಷ್ಯ ಓದುತ್ತಿದ್ದಾನೆ. ಕಣ್ಣಿರುವ ತನ್ನ ಎದುರಿಗೇ ನಾಟಕ.

"ನಿಮಗೆ ಮೊದಲೇ ಗೊತ್ತಿತ್ತು," ಎಂದಳು.

ಮಾಸ್ತರು ಸುಳ್ಳು ಹೇಳಲಿಲ್ಲ. "ನಿನ್ನೆ ಸಂಜೆ ಗೊತ್ತಾಯ್ತು. ಉಳಿಸೋಕೆ ಹೋದ್ರೆ ಜಾಗ ಇಲ್ಲ ಅಂತು. ಇವತ್ತು ನಿಮಗಿಂತ ಮುಂಚೆ ಬಂದು ಅಳಿಸೋಣ ಅಂತಿದ್ದೆ. ಬಸ್ಸು ಕೈಕೊಡ್ತು."

"ಏನು ಅಳಿಸೋಣ ಅಂತ?"

ಫೋನಿನೊಳಗಿಂದ ಮೈದುನ, "ಯಾವ ಫೋಲ್ಡರ್ ಉಬ್ಬಿದೆ ಅಂತ ಈಗಲೇ ಗೊತ್ತಾಗುತ್ತೆ ಬಿಡಿ," ಎಂದು ಇನ್ನೊಂದು ಆಜ್ಞೆ ಹೇಳಿಕೊಟ್ಟ. ಅವಳು ಹೊಡೆದಳು. ಉಬ್ಬಿದ್ದು ಪ್ರೂಫ್ ಹೆಸರಿನಲ್ಲಿದ್ದ 'ಹಳೆಯದು' ಎಂಬ ಫೋಲ್ಡರು. ಅದನ್ನು ತೆರೆಯಲು ಮೇಲಧಿಕಾರ ಬೇಕು ಎಂದಿತು ಯಂತ್ರ. ಮೇಲಧಿಕಾರ ಅವಳದೇ. ಒಳಗೆ ತಾರೀಕು ಹೊತ್ತ ಫೋಲ್ಡರುಗಳು ಒಂದರ ಕೆಳಗೊಂದು ಸುರಿದವು. ನಲವತ್ತೊಂದು. ಒಂದನ್ನು ಬಗೆದು ನೋಡಿದಳು. ಅವಳದೇ ಕಡತ! ಅವಳು ಟೈಪು ಮಾಡಿದ್ದು, ಆ ದಿನ ಎಷ್ಟು ಪುಟ ಆಗಿತ್ತೋ ಅಷ್ಟೂ. ಜೊತೆಗೆ, ಅಕ್ಷರ ಹಿಗ್ಗಿಸಿ ಓದಲು ಅವಳು ಇಟ್ಟುಕೊಂಡಿದ್ದ ಅಚ್ಚುಪುಸ್ತಕದ ಇನ್ನೂರು ಪುಟದ ಚಿತ್ರಗಳು. ದಿನಕ್ಕೊಂದು ಸಲ ಇಡೀ ಗಂಟು ನಕಲಾಗಿತ್ತು.

"ಚಿತ್ರ ಸಮೇತ ನಕಲು ಮಾಡಿದ್ದಾರೆ," ಎಂದ ಮೈದುನ. "ಒಂದೊಂದೂ ನಾಲ್ಕು ಜಿಬಿ. ಡಿಸ್ಕ್ ತುಂಬದೇ ಇನ್ನೇನಾಗುತ್ತೆ?"

"ಚಿತ್ರ ಇದೆ ಅಂತ ನಂಗೆ ಗೊತ್ತಿರಲಿಲ್ಲ," ಎಂದರು ಮಾಸ್ತರು ಮೆಲ್ಲಗೆ. "ನನ್ನ ಬೆರಳಿಗೆ ಅವು ಬರೀ ಹೆಸರು."

"ನನ್ನ ಕಡತ ನಿಮಗೆ ಯಾಕೆ?"

ಪ್ರತಿ ಫೋಲ್ಡರಿನಲ್ಲೂ ಒಂದು ಪುಟ್ಟ ಕಡತ ಹೆಚ್ಚುವರಿಯಾಗಿತ್ತು. ಅದರ ಹೆಸರು 'ತಪ್ಪು'. ತೆರೆದಳು. ಅಕ್ಷರ, ಚಿಹ್ನೆ, ಅಂಕಿ ಎಲ್ಲ ಕಲಸಿಟ್ಟ ಹಾಗೆ ಬಂತು. ಬ್ರೈಲ್ ಚುಕ್ಕಿಗೆ ಹೊಂದಿಸಿ ಬರೆದದ್ದು ಎಂದು ಅವಳಿಗೆ ಗೊತ್ತಾಯಿತು, ಓದಲು ಬರುವಂತಿರಲಿಲ್ಲ. ತನ್ನ ತಪ್ಪಿನ ಪಟ್ಟಿ, ತನ್ನದೇ ಕಂಪ್ಯೂಟರಿನಲ್ಲಿ, ತನಗೆ ಓದಲಾಗದ ಲಿಪಿಯಲ್ಲಿ. ಇದು ಯಾರ ಮುಂದಿಡಲು ಎಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಮ್ಯಾನೇಜರಿನ ಮೇಜು ಅವಳ ಕಣ್ಣ ಮುಂದೆ ಬಂತು.

"ಓದಿ," ಎಂದಳು. "ಗಟ್ಟಿಯಾಗಿ ಓದಿ. ದಾರದಕ್ಕನೂ ಕೇಳಲಿ, ನನ್ನ ಮೈದುನನೂ ಕೇಳಲಿ."

ಮಾಸ್ತರು ನಿಂತೇ ಓದಿದರು. "ಪುಟ ನೂರ ಎರಡು, ಸಾಲು ನಾಲ್ಕು. ಕೊನೆಯ ಪದ ಇಲ್ಲ. ಪುಟ ನೂರ ಎರಡು, ಸಾಲು ಇಪ್ಪತ್ತು. ಕೊನೆಯ ಪದ ಇಲ್ಲ. ಪುಟ ನೂರ ಏಳು, ಸಾಲು ಹದಿನೈದು. ಕೊನೆಯ ಎರಡು ಪದ ಇಲ್ಲ. ಪುಟ ನೂರ ಹನ್ನೆರಡು, ಸಾಲು ಒಂಬತ್ತು. ಕೊನೆಯ ಪದ—"

"ಸಾಕು. ಬಾಯಿಗೆ ಬಂದದ್ದು ಹೇಳಿದ್ರೆ ಯಾರು ನಂಬ್ತಾರೆ? ಮೂಲ ನೋಡದೇ ಪದ ಬಿಟ್ಟಿದೆ ಅಂತ ನಿಮಗೆ ಹೇಗೆ ಗೊತ್ತು?"

"ನಾನು ಓದಿ ಹೇಳಿದ್ದು," ಎಂದಳು ದಾರದಕ್ಕ. "ಪುಸ್ತಕ ಇಟ್ಕೊಂಡು."

ಟೈಪ್ ಮೇಡಂ ಧಡಕ್ಕನೆ ಎದ್ದು ಕಪಾಟಿನಿಂದ ಅಚ್ಚುಪುಸ್ತಕ ತೆಗೆದಳು. ಅಂಗಮರ್ದನ, ಅಂದರೆ ಮಸಾಜ್, ಕಲಿಯುವ ಅಂಧರ ತರಬೇತಿ ಕೇಂದ್ರದ ಪಠ್ಯ, ಬ್ರೈಲ್‌ನಲ್ಲಿ ಎರಡು ಸಂಪುಟವಾಗುವಷ್ಟು ದಪ್ಪ. ಪುಟ ನೂರ ಹನ್ನೆರಡು ತೆರೆದಳು. ಬೆರಳಿಟ್ಟು ಎಣಿಸಿ ಒಂಬತ್ತನೆಯ ಸಾಲು ಹಿಡಿದಳು. "ಕೇಳಿ. 'ಕುತ್ತಿಗೆಯ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತುವುದು'. ಮುಗೀತು. ಮುಂದಿನ ಸಾಲು, 'ಬೆನ್ನಿನ ಕಡೆಯಿಂದ ಆರಂಭಿಸಿ'. ಎಲ್ಲಿದೆ ಬಿಟ್ಟ ಪದ?"

ದಾರದಕ್ಕ ಕೈ ಒರೆಸಿಕೊಂಡು ಹತ್ತಿರ ಬಂದಳು. ಅಂಟು ಒಣಗಿದ ತೋರುಬೆರಳನ್ನು ಆ ಸಾಲಿನ ಕೊನೆಯಲ್ಲಿಟ್ಟಳು. "ಇಲ್ಲಿ ಮೇಡಂ."

ಅವಳಿಗೆ ಬೆರಳೇ ಕಾಣಲಿಲ್ಲ. ಮಣಿಕಟ್ಟು ಕಂಡಿತು, ಬಳೆ ಕಂಡಿತು, ಕೈಯ ಮುಂದಿನ ಭಾಗ ಇರಬೇಕಾದ ಕಡೆ ಏನೂ ಇರಲಿಲ್ಲ. ಕಪ್ಪೂ ಅಲ್ಲ, ಮಬ್ಬೂ ಅಲ್ಲ, ಸುಮ್ಮನೆ ಇಲ್ಲ. ಅವಳು ತಲೆಯನ್ನು ಬಲಕ್ಕೆ ತಿರುಗಿಸಿದಳು. ಬೆರಳು ಬಂತು. ಬೆರಳಿನ ಪಕ್ಕದಲ್ಲಿ, ಯಾರೋ ಅದೇ ಈಗ ಅಚ್ಚೊತ್ತಿದ ಹಾಗೆ, ಒಂದು ಪದ ಬಂತು. ಸಲ್ಲದು.

ಕುತ್ತಿಗೆಯ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತುವುದು ಸಲ್ಲದು.

"ಅತ್ತಿಗೆ?" ಮೇಜಿನ ಮೇಲಿನ ಮೊಬೈಲು ಕೇಳಿತು. "ಇದ್ದೀರಾ? ಆ ಫೋಲ್ಡರ್ ಅಳಿಸಿಬಿಡಿ, ಡೆಸ್ಕ್‌ಟಾಪ್ ಬಂದುಬಿಡುತ್ತೆ. ಒಂದೇ ಸಾಲು, ಹೇಳಲಾ?"

"ಆಮೇಲೆ ಮಾಡ್ತೀನಿ ಕಣೋ," ಎಂದು ಅವಳು ಫೋನು ಆರಿಸಿದಳು. ಅದಕ್ಕೂ ಎರಡು ಸಲ ತಡಕಬೇಕಾಯಿತು.

ಕೂತುಕೊಂಡಳು. ಪುಸ್ತಕವನ್ನು ಮುಖದ ಮುಂದೆ ಹಿಡಿದು ತಲೆಯನ್ನು ಅತ್ತ ಇತ್ತ ಆಡಿಸಿದಳು. ಪದಗಳು ಬಂದವು, ಹೋದವು. ಬಾಗಿಲ ಕಡೆ ನೋಡಿದಳು: ಬಾಗಿಲಿತ್ತು, ಸ್ಟೂಲಿರಲಿಲ್ಲ. ತಲೆ ತಿರುಗಿಸಿದಳು: ಸ್ಟೂಲಿತ್ತು.

"ಆ ಸ್ಟೂಲು," ಎಂದಳು. "ಅದನ್ನ ನೀವು ದಿನಾ ಸರಿಸ್ತಿದ್ರಿ ಅಂದ್ಕೊಂಡಿದ್ದೆ."

"ನಾನಾ?" ಮಾಸ್ತರಿಗೆ ನಗು ಬಂತು, ತಡೆದುಕೊಂಡರು. "ಮೇಡಂ, ಈ ಕೋಣೇಲಿ ಒಂದು ಸ್ಟೂಲು ಒಂದು ಗೇಣು ಆಕಡೆ ಈಕಡೆ ಆದ್ರೆ ಮೊದಲು ಬೀಳೋನು ನಾನು. ಅದು ಹತ್ತು ವರ್ಷದಿಂದ ಅಲ್ಲೇ ಇದೆ."

ದಾರದಕ್ಕ ನೀರು ತಂದುಕೊಟ್ಟಳು, ಎಡಗೈಗೆ. ಅದೂ ಅವಳ ಗಮನಕ್ಕೆ ಬಂತು. ಎಷ್ಟು ದಿನದಿಂದ ಎಡಗೈಗೆ ಕೊಡುತ್ತಿದ್ದಾಳೋ.

ನೀರು ಗಂಟಲಿಗಿಳಿದ ಮೇಲೆ ಸಿಟ್ಟು ಬಂತು. "ನಲವತ್ತೊಂದು ದಿನ! ಒಬ್ಬರಿಗೂ ನನ್ನ ಹತ್ರ ಹೇಳೋಕೆ ಬಾಯಿ ಇರಲಿಲ್ವಾ? ಇದನ್ನೆಲ್ಲ ಯಾರಿಗೆ ತೋರಿಸೋಕೆ ಕೂಡಿಟ್ರಿ?"

"ಯಾರಿಗೂ ಅಲ್ಲ. ನಾನು ತಿದ್ದಿದ್ದೇ ತಪ್ಪಾಗಿದ್ರೆ? ನಿಮ್ಮದನ್ನ ನಿಮಗೆ ಹಾಗೇ ವಾಪಸ್ ಕೊಡಬೇಕಲ್ಲ. ಅದಕ್ಕೆ ತಿದ್ದೋಕೆ ಮುಂಚೆ ಒಂದು ನಕಲು ಇಡ್ತಿದ್ದೆ." ಮಾಸ್ತರು ಪಕ್ಕದ ಕುರ್ಚಿಯನ್ನು ಕೈಯಿಂದ ಹುಡುಕಿ ಕೂತರು. "ಹೇಳೋಕೆ ಮೂರು ಸಲ ಬಂದೆ. ಒಂದು ಸಲ ನೀವು ಲೋಟ ಒಡೆದಿದ್ದು ನಾನೇ ಅಂತ ಜಗಳಕ್ಕೆ ನಿಂತ್ರಿ. ಇನ್ನೆರಡು ಸಲ... ಆಗ್ಲಿಲ್ಲ. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಶುರುವಾಗಿದ್ದು ಹೀಗೇ. ಅಂಚಿನಿಂದ. ಕ್ಲಾಸಲ್ಲಿ ಎಲ್ಲರ ಮುಂದೆ ನಮ್ಮ ಮೇಷ್ಟ್ರು ಹೇಳಿಬಿಟ್ರು, ಇವನಿಗೆ ಕಣ್ಣು ಹೋಗ್ತಿದೆ ಅಂತ. ಒಳ್ಳೇ ಮನಸ್ಸಿಂದಲೇ ಹೇಳಿದ್ರು. ಆದ್ರೂ ಆ ಮನುಷ್ಯನ ದನಿ ನೆನಪಾದ್ರೆ ಇವತ್ತಿಗೂ ಹಲ್ಲು ಕಚ್ಚೋ ಹಾಗಾಗುತ್ತೆ. ನಿಮ್ಮ ಪಾಲಿಗೆ ನಾನು ಆ ಮೇಷ್ಟ್ರು ಆಗೋದು ಬೇಡ ಅನ್ನಿಸ್ತು."

ಅವಳು ಅವರ ಮುಖವನ್ನೇ ನೋಡಿದಳು. ನಂಬಬೇಕೋ ಬೇಡವೋ ತಿಳಿಯಲಿಲ್ಲ. ಎರಡು ತಿಂಗಳು ಒಂದೊಂದಾಗಿ ಜೋಡಿಸಿಟ್ಟ ಅನುಮಾನ, ಒಂದು ಮಾತಿಗೆ ಕುಸಿದು ಬೀಳಲು ಒಪ್ಪುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಸುಳ್ಳಿರಬೇಕು ಎಂದು ಅವಳ ಮನಸ್ಸು ಇನ್ನೂ ತಡಕಾಡುತ್ತಿತ್ತು. ಹಾಗೆ ತಡಕುತ್ತಿರುವಾಗಲೇ ಒಂದು ಲೆಕ್ಕ ತಪ್ಪಿದ್ದು ಹೊಳೆಯಿತು.

"ನಲವತ್ತೊಂದು ದಿನ ಅಂದ್ರೆ ಎರಡನೇ ಸಂಪುಟ ಮಾತ್ರ," ಎಂದಳು. "ಒಂದನೇದು?"

ಮಾಸ್ತರ ಬೆರಳುಗಳು ಪಟ್ಟಿಯ ಮೇಲಿಂದ ಮಡಿಲಿಗೆ ಇಳಿದವು.

"ಒಂದನೇದು ನೋಡಿದ್ರಾ ಇಲ್ವಾ?"

"ಇಲ್ಲ."

"ಯಾಕೆ?"

"ಅದು ಅಚ್ಚಾಗಿ ಹೋಗಿತ್ತು. ಪ್ರೂಫ್ ಸರಿ ಇದೆ ಅಂತ ರುಜು ಹಾಕಿದ್ದು ನಾನು. ಆಗ ಮೂಲ ಇಟ್ಕೊಂಡು ನೋಡಿರಲಿಲ್ಲ, ಬರೀ ಚುಕ್ಕಿ ನೋಡಿದ್ದೆ. ಮತ್ತೆ ತೆಗೆದು ನೋಡೋಕೆ..." ಅವರು ತುಟಿ ಒದ್ದೆ ಮಾಡಿಕೊಂಡರು. "ಧೈರ್ಯ ಬರಲಿಲ್ಲ ಮೇಡಂ. ತಪ್ಪು ಇರಲಾರದು ಅಂತ ನನಗೆ ನಾನೇ ಹೇಳ್ಕೊಂಡೆ."

ಅಲ್ಲಿತ್ತು ಅವಳು ಹುಡುಕುತ್ತಿದ್ದ ತಪ್ಪು. ಸಿಕ್ಕಿದ್ದಕ್ಕೆ ಸಂತೋಷವಾಗಲಿಲ್ಲ. ಒಂದನೆಯ ಸಂಪುಟ ಹೊಲಿದು, ರಟ್ಟು ಹಾಕಿ, ಅರವತ್ತು ಪ್ರತಿ ಆರು ಪೆಟ್ಟಿಗೆಯಲ್ಲಿ ಹೊರಗಿನ ಪಡಸಾಲೆಯಲ್ಲಿತ್ತು. ತರಬೇತಿ ಕೇಂದ್ರದ ವ್ಯಾನು ಎರಡು ಗಂಟೆಗೆ ಬರುವುದಿತ್ತು. ಅರವತ್ತು ಜನ, ಅದರಲ್ಲಿ ಬರೆದ ಹಾಗೆ ಇನ್ನೊಬ್ಬರ ಕುತ್ತಿಗೆಯ ಮೇಲೆ ಹೆಬ್ಬೆರಳಿಡುವವರು.

ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂವರೆ. ತಾನು ನೋಡಿದ್ದು ಪೂರ್ತಿ ಗಡಿಯಾರವೇ ಎಂದು ಅನುಮಾನ ಬಂದು, ತಲೆ ತಿರುಗಿಸಿ ಇನ್ನೊಮ್ಮೆ ನೋಡಿದಳು. ಹನ್ನೊಂದೂವರೆಯೇ.

ಮೊದಲು ಕಂಪ್ಯೂಟರಿಗೆ ಕೈಹಾಕಿದಳು. ಯಾಕೆಂದರೆ ಅದು ಗೊತ್ತಿರುವ ಕೆಲಸ. ಮೈದುನನಿಗೆ ಮತ್ತೆ ಫೋನು ಮಾಡಿ, ಚಿತ್ರಗಳನ್ನು ಮಾತ್ರ ಅಳಿಸಿ ಉಳಿದದ್ದನ್ನು ಹಾಗೇ ಇಡುವುದು ಹೇಗೆ ಎಂದು ಕೇಳಿದಳು.

"ಎಲ್ಲಾ ಅಳಿಸೋದು ಸುಲಭ ಅತ್ತಿಗೆ."

"ಸುಲಭದ್ದು ಬೇಡ."

ಮಾಸ್ತರು ಪಕ್ಕದಿಂದ, "ಎಲ್ಲಾ ಅಳಿಸಿ ಮೇಡಂ. ಯಾರಿಗೂ ಗೊತ್ತಾಗಲ್ಲ, ನಿಮ್ಮದು ನಿಮ್ಮ ಹತ್ರನೇ ಇರುತ್ತೆ," ಎಂದರು. ಅವಳು ಕೇಳಿಸಿಕೊಳ್ಳದವಳ ಹಾಗೆ ಒಂದೊಂದೇ ಅಕ್ಷರ ಒತ್ತಿದಳು. ಸಾಲು ಮುಗಿದ ಮೇಲೆ ಎಂಟರ್ ಒತ್ತುವ ಮುನ್ನ ಅವರ ಕೈ ಹಿಡಿದು ಪಟ್ಟಿಯ ಮೇಲಿಟ್ಟಳು. "ಕೊನೇಲಿ ಸರಿ ಇದೆಯಾ ನೋಡಿ."

ಅವರು ನೋಡಿದರು. "ಒಂದು ಚುಕ್ಕಿ ಬಿಟ್ಟಿದೆ," ಎಂದರು. ಅವಳು ಹಾಕಿದಳು. ಎಂಟರ್ ಒತ್ತಿದಳು. ಡಿಸ್ಕು ಸ್ವಲ್ಪ ಹೊತ್ತು ಗುರುಗುಟ್ಟಿ ಸುಮ್ಮನಾಯಿತು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಾಗ ನೀಲಿ ಪುಟ ಬಂತು, ಪಾಸ್‌ವರ್ಡ್ ಕೇಳಿತು, ಪರದೆ ಕಪ್ಪಾಯಿತು, ಆಮೇಲೆ ದಿನಾ ಬರುವ ಹಾಗೆ ಡೆಸ್ಕ್‌ಟಾಪ್ ಬಂದು ನಿಂತಿತು. ಏನೂ ಆಗಿಯೇ ಇಲ್ಲವೇನೋ ಅನ್ನುವಂತೆ. ಬ್ರೈಲ್ ಪಟ್ಟಿಯ ಮೊಳೆಗಳು ಒಟ್ಟಿಗೆ ಒಳಗಿಳಿದು ಮಲಗಿದವು.

ಅವಳು ಎದ್ದಳು. ಕಂಪ್ಯೂಟರ್ ಸರಿಯಾಯಿತಲ್ಲ, ಇನ್ನು ಎಲ್ಲಿಗೆ ಎನ್ನುವ ಹಾಗೆ ದಾರದಕ್ಕ ನೋಡಿದಳು.

ಮ್ಯಾನೇಜರು ಪೆಟ್ಟಿಗೆಗಳಿಗೆ ಅಂಟಿಸುವ ವಿಳಾಸದ ಚೀಟಿ ಬರೆಯುತ್ತಿದ್ದ. "ವ್ಯಾನು ಬೇಡ ಅಂತ ಫೋನು ಮಾಡಿ, ಒಂದನೇ ಸಂಪುಟ ಕಳಿಸುವಂತಿಲ್ಲ," ಎಂದಳು. ಅವನು ಪೆನ್ನು ಕೆಳಗಿಡಲಿಲ್ಲ. "ಯಾಕೆ? ಮಾಸ್ತರು ರುಜು ಹಾಕಿದಾರಲ್ಲ. ಅವರ ಮೇಲೆ ನಿಮಗೇನೋ ಇದೆ ಅಂತ ನಂಗೆ ಗೊತ್ತು ಮೇಡಂ. ಆ ಜಗಳ ಇಲ್ಲಿ ತರಬೇಡಿ."

"ಅವರದಲ್ಲ. ನನ್ನದು. ಪದಗಳು ಬಿಟ್ಟುಹೋಗಿವೆ." ಮುಂದಿನ ಮಾತು ಬಾಯಿಗೆ ಬರಲು ತಡವಾಯಿತು. "ನನಗೆ ಬಲಗಡೆ ಕಾಣ್ತಾ ಇಲ್ಲ."

ಅವನು ಅವಳನ್ನು ದಿಟ್ಟಿಸಿದ. ಆಮೇಲೆ, ನಿಜವೋ ನೆಪವೋ ಎಂದು ಪರೀಕ್ಷೆ ಮಾಡುವವನಂತೆ, ಪೆನ್ನನ್ನು ಮೆಲ್ಲಗೆ ಅವಳ ಬಲಕ್ಕೆ ಸರಿಸುತ್ತ ಹೋದ. ಅವನ ತೋಳು ಚಾಚಿದ್ದು ಅವಳಿಗೆ ಕಾಣುತ್ತಿತ್ತು.

"ಪೆನ್ನು ಆಡಿಸಬೇಡಿ," ಎಂದಳು. "ಫೋನು ಮಾಡಿ."

ಅವನು ಫೋನು ತೆಗೆದ. ವ್ಯಾನಿಗೆ ಬೇಡವೆಂದ ಮೇಲೆ, ಕೇಳದೆಯೇ ಇನ್ನೊಂದು ನಂಬರು ಒತ್ತಿ, ತನ್ನ ತಾಯಿಗೆ ನೋಡಿದ ಕಣ್ಣಿನ ಡಾಕ್ಟರು ಒಬ್ಬರಿದ್ದಾರೆ ಎಂದು ಗುರುವಾರ ಬೆಳಿಗ್ಗೆಗೆ ಸಮಯ ಕೇಳಿ ಚೀಟಿಯಲ್ಲಿ ಬರೆದುಕೊಟ್ಟ. ಚೀಟಿಯನ್ನು ಅವಳು ಎಡಗೈಯಲ್ಲಿ ತೆಗೆದುಕೊಂಡಳು.

ಮಧ್ಯಾಹ್ನ ಊಟ ಮುಗಿಸಿ ಮೂವರೂ ದೊಡ್ಡ ಮೇಜಿನ ಸುತ್ತ ಕೂತರು. ದಾರದಕ್ಕ ಒಂದನೆಯ ಸಂಪುಟದ ಒಂದು ಪ್ರತಿ ತಂದು, ತಾನೇ ಹೊಲಿದ ಹೊಲಿಗೆಯನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ಹಾಳೆ ಬಿಡಿಸಿಕೊಟ್ಟಳು. "ಗಟ್ಟಿಯಾಗಿ ಹೊಲಿದುಬಿಟ್ಟಿದ್ದೀನಿ ನೋಡಿ," ಎಂದು ತನ್ನನ್ನೇ ಬೈದುಕೊಂಡಳು. ಅಚ್ಚುಪುಸ್ತಕ ಯಾರು ಓದುವುದು ಎಂಬ ಮಾತು ಬಂದಾಗ ದಾರದಕ್ಕ ಕೈ ಚಾಚಿದಳು. ಟೈಪ್ ಮೇಡಂ ಕೊಡಲಿಲ್ಲ.

"ನಾನೇ ಓದ್ತೀನಿ."

"ಮೇಡಂ, ಈಗ..."

"ನಾನೇ ಓದ್ತೀನಿ. ನಾನು ಬಿಟ್ಟಿದ್ದು ಯಾವುದು ಅಂತ ನನಗೆ ಗೊತ್ತಾಗಬೇಕು. ನೀವಿಬ್ಬರೂ ಮತ್ತೆ ನನ್ನ ಕಣ್ಣು ತಪ್ಪಿಸಿ ತಿದ್ದೋದು ಬೇಡ."

ಮಾಸ್ತರು ಮೊದಲ ಹಾಳೆಯನ್ನು ಎಳೆದುಕೊಂಡರು. ಅವಳು ಓದತೊಡಗಿದಳು. ಮೊದಲ ಎರಡು ಪುಟ ಸರಿಯಿತ್ತು. ಅವಳಿಗೆ ಸ್ವಲ್ಪ ಧೈರ್ಯ ಬಂತು, ದನಿ ಏರಿತು. ಮೂರನೆಯ ಪುಟದಲ್ಲಿ ಮೂಳೆಗಳ ಹೆಸರು ಬಂದವು. ಭುಜದಿಂದ ಶುರುವಾಗಿ ಕೆಳಗಿಳಿಯುತ್ತಿದ್ದವು. ಆರನೆಯ ಸಾಲು ಓದಿ ಮುಗಿಸಿದೆ ಎಂದುಕೊಂಡು ಏಳನೆಯದಕ್ಕೆ ಹೊರಟವಳು ಎದುರಿನ ಹಾಳೆಯ ಕಡೆ ನೋಡಿದಳು. ಮಾಸ್ತರ ತೋರುಬೆರಳು ಆರನೆಯ ಸಾಲಿನ ಕೊನೆಯಲ್ಲಿ ನಿಂತಿತ್ತು. ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅವರು ತುಟಿ ಬಿಚ್ಚಲಿಲ್ಲ. ದಾರದಕ್ಕನ ಕತ್ತರಿಯೂ ನಿಂತಿತು.

ಅವಳು ಮತ್ತೆ ಪುಸ್ತಕಕ್ಕೆ ಬಾಗಿ, ತಲೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದಳು. ಇನ್ನೂ ಸ್ವಲ್ಪ ತಿರುಗಿಸಿದಳು, ಕಾಗದದ ಬಿಳಿ ಅಂಚು ಕಾಣುವ ತನಕ.